ಅಮೆರಿಕದ ಚುನಾವಣೆಯಲ್ಲಿ ಅಧ್ಯಕ್ಷರ ಸಾಲನ್ನು ಖಾಲಿ ಬಿಟ್ಟು ಮತಪತ್ರ ಕಳುಹಿಸಿದರೆ ಏನಾಗುತ್ತದೆ?

ಮಾಳಮಡ್ಡಿ ಮತದಾರಳು, ಧಾರವಾಡ
21 ಅಕ್ಟೋಬರ್ 2024

ನಾನು ಮಾಳಮಡ್ಡಿಯಲ್ಲಿ ಹುಟ್ಟಿ ಬೆಳೆದವಳು. ಮದುವೆಯಾಗಿ ಅಮೆರಿಕಕ್ಕೆ ಹೋಗಿ, ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ನೌಕರಿ ಮಾಡಿ, ಅಲ್ಲಿಯ ಪೌರತ್ವವನ್ನೂ ಪಡೆದು, ನಿವೃತ್ತಿಯಾದ ಮೇಲೆ ವಯಸ್ಸಾದ ತಾಯಿಯ ಸಲುವಾಗಿ ಧಾರವಾಡಕ್ಕೆ ಮರಳಿದ್ದೇನೆ. ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಹೊಂದಿದ ನನ್ನಂಥವರಿಗೆ ಭಾರತದಲ್ಲಿ ಮತದಾನದ ಹಕ್ಕಿಲ್ಲ. ಆದರೆ ಅಮೆರಿಕದ ಪೌರರು ಯಾವ ದೇಶದಲ್ಲಿದ್ದರೂ ತಾವು ಕೊನೆಯದಾಗಿ ವಾಸಿಸಿದ ರಾಜ್ಯದ ಮತದಾರರಾಗಿ ಉಳಿಯುತ್ತಾರೆ. ಹೀಗಾಗಿ ನವೆಂಬರ್ 5ರ ಚುನಾವಣೆಯ ಮತಪತ್ರ ನನಗೆ ಈಮೇಲಿನಲ್ಲಿ ಬಂದಿದೆ. ಅದನ್ನು ಮುದ್ರಿಸಿ, ಗುರುತು ಹಾಕಿ, ಸಹಿ ಮಾಡಿ ಅಂಚೆಯಲ್ಲಿ ಕಳುಹಿಸಬೇಕು. ದೇಶದ ಹೊರಗೆ ಕಾಯಂ ನೆಲೆಸಿದವರಿಗೆ ಪೆನ್ಸಿಲ್ವೇನಿಯಾ ಕೇಂದ್ರ ಮಟ್ಟದ ಹುದ್ದೆಗಳ ಮತಪತ್ರವನ್ನಷ್ಟೇ ಕೊಡುತ್ತದೆಯಾದ್ದರಿಂದ ಅದರಲ್ಲಿರುವುದು ಅಧ್ಯಕ್ಷ, ಸೆನೆಟ್ ಮತ್ತು ಪ್ರತಿನಿಧಿ ಸಭೆ ಎಂಬ ಮೂರೇ ಸಾಲು. ಕೆಳಗಿನ ಎರಡರ ಬಗ್ಗೆ ನಾನಿನ್ನೂ ವಿಚಾರವನ್ನೇ ಮಾಡಿಲ್ಲ, ಏಕೆಂದರೆ ಮೊದಲನೆಯದರಲ್ಲಿಯೇ ಸಿಕ್ಕಿಕೊಂಡಿದ್ದೇನೆ.

ನನ್ನ ಬೇಸರ ಒಬ್ಬ ಅಭ್ಯರ್ಥಿಯ ಮೇಲಿನದಲ್ಲ. ಪೆನ್ಸಿಲ್ವೇನಿಯಾದ ಪ್ರೈಮರಿ, ಅಂದರೆ ಪಕ್ಷಗಳು ತಮ್ಮ ಅಭ್ಯರ್ಥಿಯನ್ನು ಆರಿಸಲು ನಡೆಸುವ ಮತದಾನ, ಏಪ್ರಿಲ್ 23ಕ್ಕೆ ಇತ್ತು. ಆದರೆ ಬೈಡನ್ ಮತ್ತು ಟ್ರಂಪ್ ಇಬ್ಬರೂ ಅಭ್ಯರ್ಥಿಯಾಗಲು ಬೇಕಾದಷ್ಟು ಪಕ್ಷದ ಪ್ರತಿನಿಧಿಗಳ ಬೆಂಬಲವನ್ನು ತಮ್ಮ ತಮ್ಮ ಪಕ್ಷದಲ್ಲಿ ಮಾರ್ಚ್ 12ಕ್ಕೇ ಗಳಿಸಿ ಆಗಿತ್ತಾದ್ದರಿಂದ ನಮ್ಮ ಮತ ಮುಗಿದ ಮದುವೆಗೆ ಅಕ್ಷತೆ ಹಾಕಿದಂತಾಯಿತು. ಜುಲೈ 21ರಂದು ಬೈಡನ್ ಹಿಂದೆ ಸರಿದರು, ಆಗಸ್ಟ್ ಆರಂಭದಲ್ಲಿ ಪಕ್ಷದ ಪ್ರತಿನಿಧಿಗಳು ಆನ್‌ಲೈನ್ ಮತದಾನದಲ್ಲಿ ಹ್ಯಾರಿಸ್ ಅವರನ್ನು ಆರಿಸಿದರು. ಕಾನೂನಿನ ಪ್ರಕಾರ ಅದರಲ್ಲಿ ತಪ್ಪಿಲ್ಲದೆ ಇರಬಹುದು. ಆದರೂ ಎರಡೂ ಪಕ್ಷಗಳ ಆಯ್ಕೆಯಲ್ಲಿ ನನ್ನಂಥ ಮತದಾರರ ಪಾತ್ರ ಎಲ್ಲಿತ್ತು ಎಂದು ಹುಡುಕಿದರೆ ಸಿಗುವುದಿಲ್ಲ.

ಎರಡು ಚರ್ಚೆಗಳನ್ನೂ ನಾನು ಪೂರ್ತಿ ನೋಡಿದೆ. ಜೂನ್ 27ರ ಚರ್ಚೆಯಲ್ಲಿ ಜಗತ್ತಿನ ಅತಿ ಪ್ರಬಲ ಹುದ್ದೆಗೆ ಸ್ಪರ್ಧಿಸಿದ್ದ ಇಬ್ಬರು ಹಿರಿಯರು ಗಾಲ್ಫ್ ಆಟದಲ್ಲಿ ಯಾರು ಮೇಲು ಎಂದು ವಾದಿಸಿದರು. ಸೆಪ್ಟೆಂಬರ್ 10ರಂದು ಫಿಲಡೆಲ್ಫಿಯಾದಲ್ಲಿ ನಡೆದ ಚರ್ಚೆಯ ಮೊದಲ ಪ್ರಶ್ನೆ, ನಾಲ್ಕು ವರ್ಷಗಳ ಹಿಂದಿಗಿಂತ ಈಗ ಜನರ ಆರ್ಥಿಕ ಸ್ಥಿತಿ ಉತ್ತಮವಾಗಿದೆಯೇ ಎಂಬುದಾಗಿತ್ತು. ಹ್ಯಾರಿಸ್ ಅವರು ಹೌದು ಅಥವಾ ಇಲ್ಲ ಎನ್ನದೆ ತಾವು ಮಧ್ಯಮ ವರ್ಗದ ಮನೆಯಲ್ಲಿ ಬೆಳೆದ ಕಥೆಯಿಂದ ಉತ್ತರ ಆರಂಭಿಸಿದರು. ಟ್ರಂಪ್ ಅವರು ವಲಸಿಗರು ಓಹಾಯೋದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ನಾಯಿ ಬೆಕ್ಕುಗಳನ್ನು ತಿನ್ನುತ್ತಿದ್ದಾರೆ ಎಂದರು. ಅಂಥ ಯಾವ ನಂಬಲರ್ಹ ವರದಿಯೂ ತಮ್ಮಲ್ಲಿಲ್ಲವೆಂದು ಆ ಊರಿನ ಆಡಳಿತವೇ ಹೇಳಿತ್ತು. ನನ್ನ ಅಮೆರಿಕದ ಮೊಬೈಲ್ ಸಂಖ್ಯೆಗೆ ಇಂದಿಗೂ ಎರಡೂ ಕಡೆಯಿಂದ ಹಣ ಕೇಳುವ ಸಂದೇಶಗಳು ಬರುತ್ತವೆ. ಮಧ್ಯರಾತ್ರಿಯೊಳಗೆ ಹಣ ಹಾಕದಿದ್ದರೆ ದೇಶವೇ ಮುಳುಗುತ್ತದೆ ಎಂಬ ಧಾಟಿ ಅವುಗಳದು.

ನಾನು ಕೇಳಬಯಸಿದ್ದು ಬೇರೆ. ದುಡಿದಷ್ಟು ಕಾಲ ನನ್ನ ಸಂಬಳದಿಂದ ಮೆಡಿಕೇರ್ ಎಂಬ ಹಿರಿಯರ ಆರೋಗ್ಯ ವಿಮೆಗೆ ಹಣ ಕಡಿತವಾಗಿದೆ, ಆದರೆ ಆ ವಿಮೆ ಧಾರವಾಡದ ಆಸ್ಪತ್ರೆಯಲ್ಲಿ ನಡೆಯುವುದಿಲ್ಲ. ಭಾರತಕ್ಕೂ ಅಮೆರಿಕಕ್ಕೂ ನಡುವೆ ಸಾಮಾಜಿಕ ಭದ್ರತೆಯ, ಅಂದರೆ ಪಿಂಚಣಿ ನಿಧಿಯ, ಒಪ್ಪಂದವಿಲ್ಲವಾದ್ದರಿಂದ ಕೆಲವು ವರ್ಷ ದುಡಿದು ಮರಳುವ ನಮ್ಮ ಹುಡುಗರ ಕಡಿತದ ಹಣ ಅಲ್ಲಿಯೇ ಉಳಿಯುತ್ತದೆ. ಉದ್ಯೋಗದ ಆಧಾರದ ಗ್ರೀನ್ ಕಾರ್ಡಿಗೆ ದೇಶವೊಂದಕ್ಕೆ ನೂರಕ್ಕೆ 7ರ ಮಿತಿ ಇರುವುದರಿಂದ ನಮ್ಮ ಅಕ್ಕನ ಮಗ ಸರದಿಯಲ್ಲಿ ನಿಂತಿದ್ದಾನೆ. ಅವನ ಮಗಳಿಗೆ 21 ತುಂಬಿದರೆ ಅವಳು ಆ ಸರದಿಯಿಂದಲೇ ಹೊರಬೀಳಬಹುದು. ವಲಸೆಯ ಬಗ್ಗೆ ಇಷ್ಟೊಂದು ಕೂಗಾಡಿದವರಲ್ಲಿ ಒಬ್ಬರಾದರೂ ಈ ಸರದಿಯ ಬಗ್ಗೆ ಎರಡು ನಿಮಿಷ ಬಿಡಿಸಿ ಮಾತನಾಡಲಿಲ್ಲ.

ಇನ್ನೊಂದು ವಿಚಿತ್ರವನ್ನೂ ಹೇಳಿಬಿಡುತ್ತೇನೆ. ವಿದೇಶದಲ್ಲಿರುವ ಅಮೆರಿಕನ್ನರ ಮೇಲಿನ ಎರಡು ಬಾರಿಯ ತೆರಿಗೆಯನ್ನು ತೆಗೆಯುವುದಾಗಿ ಈ ತಿಂಗಳು ಟ್ರಂಪ್ ಅವರು ಭರವಸೆ ಕೊಟ್ಟರು. ಅದಕ್ಕೂ ಮುಂಚೆ, ಸೆಪ್ಟೆಂಬರ್ ಕೊನೆಗೆ, ಅವರದೇ ಪಕ್ಷದ ಪೆನ್ಸಿಲ್ವೇನಿಯಾದ ಆರು ಮಂದಿ ಪ್ರತಿನಿಧಿ ಸಭೆಯ ಸದಸ್ಯರು, ವಿದೇಶದಿಂದ ಬರುವ ಮತಪತ್ರಗಳನ್ನು ಗುರುತಿನ ಪರಿಶೀಲನೆ ಆಗುವವರೆಗೆ ಬೇರೆಯಾಗಿ ಇಡಬೇಕೆಂದು ನ್ಯಾಯಾಲಯಕ್ಕೆ ಹೋಗಿದ್ದರು. ಎದುರು ಪಕ್ಷದವರಿಗೆ ವಿದೇಶದ ಮತದಾರರ ನೆನಪಾಗಿ ಅವರು ಹಣ ತೆಗೆದಿಟ್ಟದ್ದೂ ಈ ವರ್ಷವೇ. ಒಟ್ಟಿನಲ್ಲಿ ನಾನು ಇಬ್ಬರಿಗೂ ಒಂದು ಸಂಖ್ಯೆ.

ಅಧ್ಯಕ್ಷರ ಸಾಲನ್ನು ಖಾಲಿ ಬಿಡಬೇಕೆಂದಿದ್ದೇನೆ. ಹಾಗೆ ಮಾಡಿದರೆ ಮತಪತ್ರ ಅಸಿಂಧುವಾಗುತ್ತದೆಯೇ? ಮತ್ತು ಅದು ಯಾರಿಗಾದರೂ ಮುಟ್ಟುವ ಮಾತಾಗುತ್ತದೆಯೇ? ತಿಳಿದವರು ಹೇಳಬೇಕು.


ನಿವೃತ್ತ ಅಧ್ಯಾಪಕ, ಗದಗ-ಬೆಟಗೇರಿ
21 ಅಕ್ಟೋಬರ್ 2024

ಮೇಡಂ ಅವರೇ, ಮೊದಲು ನಿಮ್ಮ ಎರಡು ಪ್ರಶ್ನೆಗಳಿಗೆ ಉತ್ತರ. ಒಂದು ಸಾಲನ್ನು ಖಾಲಿ ಬಿಟ್ಟರೆ ಮತಪತ್ರ ಅಸಿಂಧುವಾಗುವುದಿಲ್ಲ. ಉಳಿದ ಸಾಲುಗಳ ಗುರುತುಗಳನ್ನು ಎಣಿಸುತ್ತಾರೆ. ಆದರೆ ಆ ಖಾಲಿ ಜಾಗ ಯಾರಿಗೂ ಮುಟ್ಟುವುದಿಲ್ಲ. 2016ರಲ್ಲಿ ಮಿಷಿಗನ್ ರಾಜ್ಯದಲ್ಲಿ ಸುಮಾರು 75 ಸಾವಿರ ಮತಪತ್ರಗಳಲ್ಲಿ ಅಧ್ಯಕ್ಷರ ಆಯ್ಕೆಯೇ ಇರಲಿಲ್ಲ, ಮತ್ತು ಆ ರಾಜ್ಯವನ್ನು ಟ್ರಂಪ್ ಅವರು ಗೆದ್ದ ಅಂತರ 10,704 ಮತಗಳು. ಗೆಲುವಿನ ಅಂತರದ ಏಳು ಪಟ್ಟು ಜನ ಸುಮ್ಮನಿದ್ದರು. ಅವರಲ್ಲಿ ಎಷ್ಟು ಮಂದಿ ಸಿಟ್ಟಿನಿಂದ ಬಿಟ್ಟರು, ಎಷ್ಟು ಮಂದಿ ಮರೆತರು, ಎಷ್ಟು ಮಂದಿ ಗುರುತು ಹಾಕುವುದರಲ್ಲಿ ತಪ್ಪಿದರು ಎಂಬುದನ್ನು ಎಣಿಕೆಯ ಯಂತ್ರ ಹೇಳಲಾರದು, ಹೇಳಬೇಕೆಂದು ಯಾವ ಪಕ್ಷವೂ ಕೇಳಲಿಲ್ಲ.

ಈಗ ನಿಮ್ಮ ಬೇಸರದ ವಿಷಯ. ನೀವು ಅದನ್ನು ಅಭ್ಯರ್ಥಿಗಳ ಗುಣದ ಮೇಲೆ ಹೊರಿಸುತ್ತಿದ್ದೀರಿ. ನಾನು ಆ ವ್ಯವಸ್ಥೆಯ ನಿಯಮಗಳ ಮೇಲೆ ಹೊರಿಸುತ್ತೇನೆ. ಅಲ್ಲಿ ಒಂದೊಂದು ರಾಜ್ಯಕ್ಕೂ ಇಂತಿಷ್ಟು ಎಲೆಕ್ಟೋರಲ್ ಮತಗಳೆಂದು ಹಂಚಿಕೆಯಾಗಿದ್ದು, ಅಂಥ ಒಟ್ಟು 538 ಮತಗಳಲ್ಲಿ 270 ಪಡೆದವರು ಅಧ್ಯಕ್ಷರಾಗುತ್ತಾರೆ. ಮೇನ್ ಮತ್ತು ನೆಬ್ರಾಸ್ಕ ರಾಜ್ಯಗಳನ್ನು ಬಿಟ್ಟರೆ ಉಳಿದೆಡೆ ಒಂದೇ ಒಂದು ಮತದಿಂದ ಮುಂದಿದ್ದವರಿಗೂ ಆ ರಾಜ್ಯದ ಪೂರ್ತಿ ಗಂಟು ಸಿಗುತ್ತದೆ. ಇದು ಸಂವಿಧಾನದ ಕಟ್ಟಳೆಯಲ್ಲ, ರಾಜ್ಯಗಳು ತಾವೇ ಮಾಡಿಕೊಂಡ ಕಾನೂನು. ಇದರ ಪರಿಣಾಮವಾಗಿ ಇಡೀ ಪ್ರಚಾರ ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್, ಜಾರ್ಜಿಯಾ, ನಾರ್ತ್ ಕೆರೊಲಿನಾ, ಅರಿಜೋನಾ, ನೆವಾಡ ಎಂಬ ಏಳು ರಾಜ್ಯಗಳಲ್ಲಿ ಇನ್ನೂ ಮನಸ್ಸು ಮಾಡದಿರುವ ಕೆಲವೇ ಜನರ ಸುತ್ತ ಸುತ್ತುತ್ತದೆ. ಅಂಥವರು ಮೆಡಿಕೇರ್ ಕಾನೂನಿನ ಕಲಮುಗಳನ್ನು ಓದಿಕೊಂಡು ಕೂತಿರುವುದಿಲ್ಲ. ಹತ್ತಿರದ ಅಂಗಡಿಯಲ್ಲಿ ಮೊಟ್ಟೆಯ ಬೆಲೆ ಎಷ್ಟಾಯಿತು ಎಂಬುದು ಅವರಿಗೆ ಗೊತ್ತಿರುತ್ತದೆ, ಎದುರಾಳಿಯ ಬಗ್ಗೆ ಹೆದರಿಕೆ ಹುಟ್ಟಿಸಿದರೆ ಅವರು ಎದ್ದು ಬಂದು ಮತ ಹಾಕುತ್ತಾರೆ ಎಂಬುದು ಪ್ರಚಾರದ ತಂತ್ರಜ್ಞರ ಲೆಕ್ಕ. ನಿಮ್ಮ ರಾಜ್ಯದ 19 ಎಲೆಕ್ಟೋರಲ್ ಮತಗಳು 2016ರಲ್ಲಿ ಸುಮಾರು 44 ಸಾವಿರ ಮತಗಳ ಅಂತರದಿಂದ (ಆ ಎರಡೂ ಸಲ ಅವು 20 ಇದ್ದವು) ಒಂದು ಕಡೆಗೂ 2020ರಲ್ಲಿ ಸುಮಾರು 80 ಸಾವಿರ ಮತಗಳ ಅಂತರದಿಂದ ಇನ್ನೊಂದು ಕಡೆಗೂ ಹೋದವು. ನಿಮ್ಮ ಮೊಬೈಲ್ ಸುಮ್ಮನಿರದಿರಲು ಅದೇ ಕಾರಣ.

ಹಣದ ಮಾತು ಇನ್ನೂ ಉದ್ದದ್ದು. ಪ್ರಚಾರದ ವೆಚ್ಚಕ್ಕೆ ಮಿತಿ ಹಾಕುವುದು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1976ರಲ್ಲಿ ಹೇಳಿತು. ಕಂಪನಿಗಳೂ ಸಂಘಗಳೂ ಅಭ್ಯರ್ಥಿಯಿಂದ ಸ್ವತಂತ್ರವಾಗಿ ಎಷ್ಟು ಬೇಕಾದರೂ ಖರ್ಚು ಮಾಡಬಹುದೆಂದು 2010ರಲ್ಲಿ ಹೇಳಿತು. ಮಿತಿಯನ್ನು ಒಪ್ಪಿಕೊಂಡವರಿಗೆ ಸರಕಾರದ ನಿಧಿಯಿಂದ ಹಣ ಕೊಡುವ ಪದ್ಧತಿ ಈಗಲೂ ಇದೆ. ಆದರೆ ಪ್ರಮುಖ ಪಕ್ಷಗಳ ಅಭ್ಯರ್ಥಿಗಳಲ್ಲಿ ಸಾರ್ವತ್ರಿಕ ಚುನಾವಣೆಗೆ ಅದನ್ನು ಕೊನೆಯದಾಗಿ ಪಡೆದವರು 2008ರಲ್ಲಿ ಜಾನ್ ಮೆಕೇನ್. ಎದುರಾಳಿ ಒಬಾಮಾ ಆ ಹಣವನ್ನು ನಿರಾಕರಿಸಿ, ಮಿತಿಯಿಲ್ಲದೆ ಸಂಗ್ರಹಿಸಿ ಗೆದ್ದರು. ಆಮೇಲೆ ಯಾರೂ ಆ ಕಡೆ ತಿರುಗಿ ನೋಡಿಲ್ಲ. ನಮ್ಮಲ್ಲಿರುವಂತೆ ಮತದಾನಕ್ಕೆ ಮುಂಚಿನ 48 ಗಂಟೆಗಳ ಮೌನವೂ ಅಲ್ಲಿಲ್ಲ. ಮತಗಟ್ಟೆಗೆ ಹೋಗುವ ದಾರಿಯಲ್ಲಿ ಕಾರಿನ ರೇಡಿಯೊದಲ್ಲಿಯೂ ಜಾಹೀರಾತು ಕೇಳಿಸುತ್ತದೆ.

ಮೂರನೆಯ ದಾರಿಯೂ ನಿಮಗಿದೆ. ಪೆನ್ಸಿಲ್ವೇನಿಯಾದ ಮತಪತ್ರದಲ್ಲಿ ಗ್ರೀನ್ ಪಕ್ಷದವರೂ ಲಿಬರ್ಟೇರಿಯನ್ ಪಕ್ಷದವರೂ ಇದ್ದಾರೆ. ಅವರು ಗೆಲ್ಲುವುದಿಲ್ಲ, ಆದರೆ ಅವರ ಮತಗಳು ಅಂಕಿಯಾಗಿ ದಾಖಲಾಗುತ್ತವೆ. 2000ನೇ ಇಸವಿಯಲ್ಲಿ ಫ್ಲೋರಿಡಾ ರಾಜ್ಯ 537 ಮತಗಳಲ್ಲಿ ಇತ್ಯರ್ಥವಾದಾಗ ಅಂಥ ಮತಗಳ ಬಗ್ಗೆ ನಡೆದ ಜಗಳ ಇನ್ನೂ ನಿಂತಿಲ್ಲ ಎಂಬುದನ್ನೂ ನೆನಪಿನಲ್ಲಿಡಿ. ಮೇನ್ ರಾಜ್ಯದಲ್ಲಿ ಈ ಸಂಕಟ ಕಡಿಮೆ. 2020ರಿಂದ ಅಲ್ಲಿ ಅಧ್ಯಕ್ಷರ ಚುನಾವಣೆಗೂ ಮೊದಲ ಪ್ರಾಶಸ್ತ್ಯ, ಎರಡನೆಯ ಪ್ರಾಶಸ್ತ್ಯ ಎಂದು ಬರೆಯುವ ಅವಕಾಶವಿದೆ. ನಮ್ಮ ರಾಷ್ಟ್ರಪತಿ ಚುನಾವಣೆಯೂ ಇದೇ ಬಗೆಯದು ಎಂಬುದು ಬಹಳ ಮಂದಿಗೆ ಮರೆತಿದೆ. ಕಾಂಗ್ರೆಸ್ ತನ್ನ ಅಭ್ಯರ್ಥಿಯಾಗಿ ಸಂಜೀವ ರೆಡ್ಡಿಯವರ ಹೆಸರನ್ನು 1969ರ ಜುಲೈಯಲ್ಲಿ ಬೆಂಗಳೂರಿನಲ್ಲಿಯೇ ನಿರ್ಧರಿಸಿ, ಇಂದಿರಾ ಗಾಂಧಿಯವರು ಆತ್ಮಸಾಕ್ಷಿಯ ಮತಕ್ಕೆ ಕರೆ ಕೊಟ್ಟ ಮೇಲೆ, ವಿ.ವಿ. ಗಿರಿಯವರು ಗೆದ್ದದ್ದು ಎರಡನೆಯ ಪ್ರಾಶಸ್ತ್ಯದ ಮತಗಳ ಎಣಿಕೆಯಲ್ಲಿ. ಅಲ್ಲಿ ಮತದಾರರು ಶಾಸಕರು ಮತ್ತು ಸಂಸದರು ಮಾತ್ರ ಎಂಬುದು ಬೇರೆ ಮಾತು.


ಶಿಗ್ಗಾಂವಿ ಗೊಬ್ಬರದ ಅಂಗಡಿ
22 ಅಕ್ಟೋಬರ್ 2024

ಅಕ್ಕಾವರೇ, ನೀವು ಖಾಲಿ ಬಿಡಿ ಎಂದೇ ನಾನು ಹೇಳುತ್ತೇನೆ. ಗುರುಗಳ ಲೆಕ್ಕ ಸರಿ ಇದ್ದರೂ ಅವರ ತೀರ್ಮಾನವನ್ನು ನಾನು ಒಪ್ಪಲಾರೆ.

ನಮ್ಮ ಸ್ಥಿತಿಯನ್ನು ಸ್ವಲ್ಪ ಕೇಳಿ. 2023ರ ಮೇ 10ರಂದು ನಾವು ಶಾಸಕರನ್ನು ಆರಿಸಿದೆವು. ಈ ವರ್ಷ ಮೇ 7ರಂದು ಲೋಕಸಭೆಗೆ ಮತ ಹಾಕಿದೆವು. ಶಾಸಕರು ಹಾವೇರಿಯಿಂದ ಲೋಕಸಭೆಗೆ ಆಯ್ಕೆಯಾದ್ದರಿಂದ ಈಗ ನವೆಂಬರ್ 13ಕ್ಕೆ ಮತ್ತೆ ಉಪಚುನಾವಣೆ. ಶಿಗ್ಗಾಂವಿ ಹಾವೇರಿ ಜಿಲ್ಲೆಯಲ್ಲಿದ್ದರೂ ನಮ್ಮ ಲೋಕಸಭಾ ಕ್ಷೇತ್ರ ಧಾರವಾಡ. ಹಾಗಾಗಿ ಅವರು ಹೋದ ಕ್ಷೇತ್ರದಲ್ಲಿ ನಮಗೆ ಮತವೇ ಇರಲಿಲ್ಲ. ಚನ್ನಪಟ್ಟಣ ಮತ್ತು ಸಂಡೂರಿನಲ್ಲಿಯೂ ಇದೇ ಕಾರಣಕ್ಕೆ ಉಪಚುನಾವಣೆ ನಡೆಯುತ್ತಿದೆ, ಮತ್ತು ಮೂರೂ ಕಡೆಯವರು ಒಂದೇ ಪಕ್ಷದವರಲ್ಲ. ಕಾನೂನು ಇದಕ್ಕೆ ಅವಕಾಶ ಕೊಟ್ಟಿದೆ. ಮತದಾರರನ್ನು ಮಾತ್ರ ಯಾರೂ ಕೇಳಿಲ್ಲ.

ಈಗ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ನಡೆಯುವ ಮಾತೆಲ್ಲ ಯಾವ ಸಮಾಜದ ಮತ ಎಷ್ಟು, ಯಾರು ಬಂಡಾಯ ಏಳುತ್ತಾರೆ, ಬೆಂಗಳೂರಿನಿಂದ ಯಾವ ಮಂತ್ರಿ ಬಂದು ವಸತಿ ಮಾಡಿದ್ದಾರೆ ಎಂಬುದರ ಬಗ್ಗೆಯೇ. ಗೋವಿನಜೋಳ ಹಸಿಯಾಗಿದೆ ಎಂದು ಅಡತಿಯವರು ಧಾರಣೆ ಇಳಿಸುತ್ತಿರುವ ದಿನಗಳಲ್ಲಿ, ಅದನ್ನು ಒಣಗಿಸಲು ಹಳ್ಳಿಗೊಂದು ಕಣ ಬೇಕೆಂದು ನಾವು ಕೇಳಿದರೆ, ಬಂದವರು ಕೈ ಮುಗಿದು ಹಿರಿಯರ ಫೋಟೊಕ್ಕೆ ಹಾರ ಹಾಕಿ ಮುಂದಿನ ಊರಿಗೆ ಹೋಗುತ್ತಾರೆ. ವಿಧಾನಸಭೆಯ ಅಭ್ಯರ್ಥಿಗೆ 40 ಲಕ್ಷ ರೂಪಾಯಿಯ ವೆಚ್ಚ ಮಿತಿ ಇದೆ ಎಂದು ಕಾಗದ ಹೇಳುತ್ತದೆ. ಪಕ್ಷದ ವೆಚ್ಚಕ್ಕೆ ಮಿತಿಯೇ ಇಲ್ಲ ಎಂಬುದನ್ನು ಗುರುಗಳು ಬಿಟ್ಟುಬಿಟ್ಟರು.

ಅಮೆರಿಕದ ಒಬ್ಬ ದೊಡ್ಡ ಶ್ರೀಮಂತರು ನಿಮ್ಮದೇ ಪೆನ್ಸಿಲ್ವೇನಿಯಾದಲ್ಲಿ ಮೊನ್ನೆ ಶನಿವಾರದಿಂದ, ತಮ್ಮ ಮನವಿಪತ್ರಕ್ಕೆ ಸಹಿ ಹಾಕಿದ ನೋಂದಾಯಿತ ಮತದಾರರಲ್ಲಿ ದಿನಕ್ಕೊಬ್ಬರಿಗೆ ಹತ್ತು ಲಕ್ಷ ಡಾಲರ್ ಕೊಡುವುದಾಗಿ ಸಾರಿದ್ದಾರೆ ಎಂದು ಓದಿದೆ. ನಮ್ಮಲ್ಲಿ ಕುಕ್ಕರ್, ಸೀರೆ, ನೋಟು ಹಂಚುವವರು ರಾತ್ರಿ ಕರೆಂಟು ಹೋದ ಮೇಲೆ ಬರುತ್ತಾರೆ. ಅಲ್ಲಿ ವೇದಿಕೆಯ ಮೇಲೆ ಬಾಗಿಲಿನಷ್ಟು ದೊಡ್ಡ ಚೆಕ್ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾರೆ. ನಾಚಿಕೆಯಾದರೂ ನಮ್ಮಲ್ಲಿ ಉಳಿದಿದೆ ಎನ್ನಬೇಕೋ ಏನೋ.

ನನ್ನ ಅಭಿಪ್ರಾಯ ಇಷ್ಟು: ಮತ ಎನ್ನುವುದು ಒಪ್ಪಿಗೆ. ಒಪ್ಪಿಗೆಯಿಲ್ಲದಿದ್ದಾಗ ಒಪ್ಪಿಗೆ ಎಂದು ಬರೆದುಕೊಡುವುದು ಸುಳ್ಳು ಸಾಕ್ಷಿ ಹೇಳಿದಂತೆ. 2013ರಲ್ಲಿ ಸುಪ್ರೀಂ ಕೋರ್ಟ್ ನೋಟಾ ಗುಂಡಿಯನ್ನು ಕೊಡಿಸಿದ್ದು ಈ ಕಾರಣಕ್ಕೇ. ಇಂದೋರಿನಲ್ಲಿ ಈ ಸಲ ಎರಡು ಲಕ್ಷಕ್ಕೂ ಹೆಚ್ಚು ಜನ ಅದನ್ನು ಒತ್ತಿದರು. ಗೆದ್ದವರು ಗೆದ್ದೇ ಗೆದ್ದರು, ಅದು ಗೊತ್ತು. ಆದರೆ ಆ ಎರಡು ಲಕ್ಷ ಮಂದಿ ತಮ್ಮ ಮನಸ್ಸಿಗೆ ವಿರುದ್ಧವಾಗಿ ನಡೆಯಲಿಲ್ಲ. ಪರಿಣಾಮ ಆಗಲೇಬೇಕು ಎಂಬ ಹಟ ಎಲ್ಲದರಲ್ಲಿಯೂ ಯಾಕೆ?


ಕೇಶ್ವಾಪುರದವ, ಹುಬ್ಬಳ್ಳಿ
22 ಅಕ್ಟೋಬರ್ 2024

ಪೆನ್ಸಿಲ್ವೇನಿಯಾದವರು ತಮಗೆ ಸಂದೇಶಗಳ ಕಾಟ ಎನ್ನುತ್ತಾರೆ. ನನ್ನ ಮಗ ಕ್ಯಾಲಿಫೋರ್ನಿಯದಲ್ಲಿದ್ದಾನೆ, ಅವನೂ ಅಲ್ಲಿಯ ಪೌರ. ಅವನ ಮನೆಯ ಬಾಗಿಲನ್ನು ಅಧ್ಯಕ್ಷರ ಚುನಾವಣೆಗೆಂದು ಯಾರೂ ಬಡಿದಿಲ್ಲ. ಆ ರಾಜ್ಯದ 54 ಎಲೆಕ್ಟೋರಲ್ ಮತಗಳು ಯಾರಿಗೆ ಎಂದು ಎಲ್ಲರಿಗೂ ಮೊದಲೇ ಗೊತ್ತಿರುವುದರಿಂದ, ಅಲ್ಲಿಗೆ ಅಭ್ಯರ್ಥಿಗಳು ಬರುವುದು ಶ್ರೀಮಂತರ ಮನೆಯಲ್ಲಿ ಊಟ ಮಾಡಿ ದೇಣಿಗೆ ಒಯ್ಯಲಿಕ್ಕೆ ಮಾತ್ರ ಎಂದು ಅವನು ನಗುತ್ತಾನೆ.

2020ರಲ್ಲಿ ಟ್ರಂಪ್ ಅವರಿಗೆ ಕ್ಯಾಲಿಫೋರ್ನಿಯದಲ್ಲಿ 60 ಲಕ್ಷಕ್ಕೂ ಹೆಚ್ಚು ಮತ ಬಿದ್ದವು, ಅದು ಅವರು ಗೆದ್ದ ಟೆಕ್ಸಾಸಿನಲ್ಲಿ ಪಡೆದುದಕ್ಕಿಂತ ಹೆಚ್ಚು. ಟೆಕ್ಸಾಸಿನಲ್ಲಿ ಬೈಡನ್ ಅವರಿಗೆ 52 ಲಕ್ಷಕ್ಕೂ ಹೆಚ್ಚು ಬಿದ್ದವು. ಈ ಎರಡೂ ರಾಶಿಗಳಿಂದ ಯಾರಿಗೂ ಒಂದು ಎಲೆಕ್ಟೋರಲ್ ಮತವೂ ಹುಟ್ಟಲಿಲ್ಲ. ಆದ್ದರಿಂದ ಅಕ್ಕಾವರೇ, ಖಾಲಿ ಬಿಡುವ ವೈಭೋಗವನ್ನು ನನ್ನ ಮಗನಂಥವರಿಗೆ ಬಿಟ್ಟುಕೊಡಿ. ಅವನು ಹಾಕಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ನೀವಿರುವ ರಾಜ್ಯದ ಮತಕ್ಕಾಗಿ ಅವರು ಹಗಲಿರುಳು ಹೊಡೆದಾಡುತ್ತಿರುವಾಗ ಅದನ್ನು ಕೈಯಾರೆ ಚೆಲ್ಲುವುದು ನನಗೆ ಸರಿ ಕಾಣುವುದಿಲ್ಲ.


ಮಾಳಮಡ್ಡಿ ಮತದಾರಳು, ಧಾರವಾಡ
22 ಅಕ್ಟೋಬರ್ 2024

ಎಲ್ಲರಿಗೂ ಕೃತಜ್ಞತೆಗಳು. ಶಿಗ್ಗಾಂವಿಯವರ ಮಾತು ನನ್ನ ಮನಸ್ಸಿಗೆ ಹತ್ತಿರವಾಗಿದೆ ಎಂದು ಹೇಳಲೇಬೇಕು. ಆದರೆ ನೋಟಾಕ್ಕೂ ಖಾಲಿ ಸಾಲಿಗೂ ಒಂದು ವ್ಯತ್ಯಾಸವಿದೆ: ನೋಟಾವನ್ನು ಎಣಿಸಿ ಪ್ರಕಟಿಸುತ್ತಾರೆ. ಅಮೆರಿಕದಲ್ಲಿ ನೆವಾಡ ರಾಜ್ಯದ ಮತಪತ್ರದಲ್ಲಿ ಮಾತ್ರ ‘ಈ ಅಭ್ಯರ್ಥಿಗಳಲ್ಲಿ ಯಾರೂ ಅಲ್ಲ’ ಎಂಬ ಸಾಲು 1970ರ ದಶಕದಿಂದಲೂ ಇದೆ. ಈ ಫೆಬ್ರವರಿಯಲ್ಲಿ ಟ್ರಂಪ್ ಅವರ ಪಕ್ಷದ ಪ್ರೈಮರಿಯಲ್ಲಿ ಆ ಸಾಲಿಗೆ ಅಭ್ಯರ್ಥಿ ನಿಕ್ಕಿ ಹೇಲಿ ಅವರಿಗಿಂತ ಹೆಚ್ಚು ಮತ ಬಿದ್ದು ದೇಶವೆಲ್ಲ ಸುದ್ದಿಯಾಯಿತು. ಪೆನ್ಸಿಲ್ವೇನಿಯಾದಲ್ಲಿ ಅಂಥ ಸಾಲು ಇದ್ದಿದ್ದರೆ ನಾನು ಈ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ.

ಗುರುಗಳೇ, ನಿಯಮಗಳ ದೋಷ ಎಂದಿರಿ, ಒಪ್ಪುತ್ತೇನೆ. ಆದರೆ ನಿಯಮ ಹಾಗಿದೆ ಎಂದು ನನಗೆ ಬೇಕಾದ ಮೂರು ವಿಷಯಗಳಲ್ಲಿ ಒಂದನ್ನೂ ಮಾತನಾಡದ ಇಬ್ಬರಲ್ಲಿ ಒಬ್ಬರನ್ನು ಯಾವ ಅಳತೆಗೋಲಿನಿಂದ ಆರಿಸಲಿ? ಇಬ್ಬರಲ್ಲಿ ಕಡಿಮೆ ಕೆಟ್ಟವರನ್ನು ಆರಿಸಿ ಎಂಬ ಉತ್ತರ ಬೇಡ, ಅದನ್ನು ಅಲ್ಲಿಯ ಟಿ.ವಿ.ಯಲ್ಲಿ ಕೇಳಿ ಕೇಳಿ ಸಾಕಾಗಿದೆ.


ನಿವೃತ್ತ ಅಧ್ಯಾಪಕ, ಗದಗ-ಬೆಟಗೇರಿ
23 ಅಕ್ಟೋಬರ್ 2024

ಪಕ್ಷದ ವೆಚ್ಚಕ್ಕೆ ಮಿತಿಯಿಲ್ಲ ಎಂದು ಶಿಗ್ಗಾಂವಿಯವರು ಹೇಳಿದ್ದು ನಿಜ. ಲೋಕಸಭೆಯಲ್ಲಿ ಅಭ್ಯರ್ಥಿಯ ಮಿತಿ 95 ಲಕ್ಷ, ಪಕ್ಷಕ್ಕೆ ಅಲ್ಲಿಯೂ ಮಿತಿಯಿಲ್ಲ.

ಮೇಡಂ ಅವರೇ, ನೀವು ಕೇಳಿದ ಅಳತೆಗೋಲನ್ನು ನಿಮ್ಮ ಮೂರು ವಿಷಯಗಳಲ್ಲಿಯೇ ಹುಡುಕೋಣ. ಮೆಡಿಕೇರ್ 1965ರಲ್ಲಿ ಅಮೆರಿಕದ ಸಂಸತ್ತು ಮಾಡಿದ ಕಾನೂನು. ದೇಶದ ಹೊರಗೆ ಅದನ್ನು ವಿಸ್ತರಿಸಬೇಕಾದರೆ ಸಂಸತ್ತೇ ತಿದ್ದಬೇಕು. ಗ್ರೀನ್ ಕಾರ್ಡಿನ ನೂರಕ್ಕೆ 7ರ ಮಿತಿ 1990ರ ವಲಸೆ ಕಾಯ್ದೆಯದು. ಅಧ್ಯಕ್ಷರು ಸಹಿ ಹಾಕಿ ಅದನ್ನು ಅಳಿಸಲಾರರು. ಟ್ರಂಪ್ ಅವರು ಹೇಳಿದ ತೆರಿಗೆಯ ಭರವಸೆಯೂ ಹಾಗೆಯೇ, ತೆರಿಗೆ ಕಾನೂನು ಹುಟ್ಟುವುದೇ ಪ್ರತಿನಿಧಿ ಸಭೆಯಲ್ಲಿ. ಉಳಿದದ್ದು ಸಾಮಾಜಿಕ ಭದ್ರತೆಯ ಒಪ್ಪಂದ. ಅದೊಂದನ್ನು ಅಧ್ಯಕ್ಷರ ಆಡಳಿತವೇ ಬೇರೆ ದೇಶದೊಂದಿಗೆ ಕೂತು ಮಾಡಿ ಸಂಸತ್ತಿನ ಮುಂದಿಡಬಹುದು.

ಅಂದರೆ ನಿಮ್ಮನ್ನು ಕಾಡುವ ವಿಷಯಗಳ ಬಹುಪಾಲು ನಿರ್ಧಾರವಾಗುವುದು ನೀವಿನ್ನೂ ವಿಚಾರ ಮಾಡಿಲ್ಲ ಎಂದು ಮೊದಲ ದಿನವೇ ಬರೆದ ಆ ಕೆಳಗಿನ ಎರಡು ಸಾಲುಗಳಲ್ಲಿ. ಪೆನ್ಸಿಲ್ವೇನಿಯಾದ ಸೆನೆಟ್ ಸ್ಥಾನಕ್ಕೆ ಈಗಿನ ಸದಸ್ಯ ಬಾಬ್ ಕೇಸಿ ಮತ್ತು ಡೇವ್ ಮೆಕಾರ್ಮಿಕ್ ಅವರ ನಡುವೆ ಬಿಗಿಯಾದ ಸ್ಪರ್ಧೆ ಇದೆ. ನಿಮ್ಮ ಕ್ಷೇತ್ರದ ಪ್ರತಿನಿಧಿ ಸಭೆಯ ಸದಸ್ಯರು ದೇಶವೊಂದರ ಮಿತಿಯನ್ನು ತೆಗೆಯುವ ಮಸೂದೆಗಳ ಬಗ್ಗೆ ಹೇಗೆ ಮತ ಹಾಕಿದ್ದಾರೆ ಎಂಬುದು ಅಲ್ಲಿಯ ಸಂಸತ್ತಿನ ಜಾಲತಾಣದಲ್ಲಿ ಸಿಗುತ್ತದೆ. ಅಂಥದೊಂದು ಮಸೂದೆ 2019ರಲ್ಲಿ ಪ್ರತಿನಿಧಿ ಸಭೆಯಲ್ಲಿ ಭಾರೀ ಬಹುಮತದಿಂದ ಅಂಗೀಕಾರವಾಗಿ, ಮುಂದೆ ಕಾನೂನಾಗದೆ ನಿಂತುಹೋಯಿತು. ಇದು ಅಮೆರಿಕದವರ ದೋಷ ಮಾತ್ರ ಎಂದು ನಾನು ಹೇಳುವುದಿಲ್ಲ. ನಾವು ಸಂಸದೀಯ ವ್ಯವಸ್ಥೆಯಲ್ಲಿದ್ದುಕೊಂಡೇ ಲೋಕಸಭೆಯ ಚುನಾವಣೆಯನ್ನು ಅಧ್ಯಕ್ಷರ ಚುನಾವಣೆಯಂತೆ ನಡೆಸುತ್ತೇವೆ. ದಿಲ್ಲಿಯ ನಾಯಕರ ಮುಖ ನೋಡಿ ಮತ ಹಾಕಿ, ಆಮೇಲೆ ರೈಲಿನ ನಿಲುಗಡೆಗೂ ಮಹದಾಯಿ ನೀರಿಗೂ ನಮ್ಮ ಸಂಸದರು ಬಾಯಿ ತೆರೆಯಲಿಲ್ಲ ಎಂದು ಗೊಣಗುತ್ತೇವೆ. ಪಕ್ಷ ಯಾವುದೇ ಇರಲಿ, ಈ ಚಟ ಎಲ್ಲರಿಗೂ ಹತ್ತಿದೆ.

ಇನ್ನು ಅಧ್ಯಕ್ಷರ ಸಾಲಿಗೆ ಅಳತೆಗೋಲು: ಅವರ ಕೈಯಲ್ಲಿ ನಿಜವಾಗಿ ಏನಿದೆಯೋ ಅದನ್ನು ನೋಡಿ. ಅವರು ಸುಮಾರು ನಾಲ್ಕು ಸಾವಿರ ಹುದ್ದೆಗಳಿಗೆ ಜನರನ್ನು ನೇಮಿಸುತ್ತಾರೆ, ಅವುಗಳಲ್ಲಿ ಸಾವಿರಕ್ಕೂ ಹೆಚ್ಚು ಹುದ್ದೆಗಳಿಗೆ ಸೆನೆಟ್ಟಿನ ಒಪ್ಪಿಗೆ ಬೇಕು. ಜೀವಾವಧಿ ಕೂರುವ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳನ್ನು ಹೆಸರಿಸುತ್ತಾರೆ. ಯುದ್ಧ, ಸಂಧಾನ, ವೀಸಾ ಕಚೇರಿಗಳ ದಿನನಿತ್ಯದ ನಡವಳಿಕೆ, ಸಂಸತ್ತಿನ ಮಸೂದೆಗೆ ಸಹಿ ಅಥವಾ ನಿರಾಕರಣೆ ಅವರದು. ಇಬ್ಬರೂ ಅಧಿಕಾರದಲ್ಲಿ ಇದ್ದವರು, ಒಬ್ಬರು ಅಧ್ಯಕ್ಷರಾಗಿ, ಇನ್ನೊಬ್ಬರು ಉಪಾಧ್ಯಕ್ಷರಾಗಿ. ಭಾಷಣಗಳನ್ನು ಬದಿಗಿಟ್ಟು ಆ ನಾಲ್ಕು ನಾಲ್ಕು ವರ್ಷಗಳ ದಾಖಲೆ ತೆಗೆದು ನೋಡಿ. ಆಮೇಲೆಯೂ ಇಬ್ಬರೂ ಬೇಡವೆನಿಸಿದರೆ ಬಿಡಿ, ಆಗ ನನ್ನ ತಕರಾರಿಲ್ಲ.


ಶಿಗ್ಗಾಂವಿ ಗೊಬ್ಬರದ ಅಂಗಡಿ
23 ಅಕ್ಟೋಬರ್ 2024

ಗುರುಗಳೇ, ಕೆಳಗಿನ ಸಾಲುಗಳ ಮಾತು ಒಪ್ಪಿದೆ. ನಮ್ಮಲ್ಲಿಯೂ ಗ್ರಾಮ ಪಂಚಾಯತಿಗೆ ಯಾರು ಬಂದರೆ ನಲ್ಲಿಗೆ ನೀರು ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಅಲ್ಲಿ ಮಾತ್ರ ಜನ ನಿಂತ ಆಳನ್ನು ನೋಡಿಯೇ ಹಾಕುತ್ತಾರೆ. ಆದರೆ ಭಾಷಣ ಬಿಟ್ಟು ದಾಖಲೆ ನೋಡಿ ಎಂದಿರಿ. ಅಭ್ಯರ್ಥಿ ನಮ್ಮ ಪ್ರಶ್ನೆಗೆ ಉತ್ತರ ಕೊಡುವ ಜವಾಬ್ದಾರಿಯನ್ನು ಹೀಗೆ ಮತದಾರರೇ ಹೊತ್ತುಕೊಂಡು ರಾತ್ರಿಯೆಲ್ಲ ಕಡತ ಓದುತ್ತಾ ಕೂತರೆ, ಅವರು ಗಾಲ್ಫ್ ಬಗ್ಗೆ ಮಾತನಾಡುವುದನ್ನು ಯಾಕೆ ನಿಲ್ಲಿಸುತ್ತಾರೆ?


ಸಪ್ತಾಪುರ ಬಾವಿ, ಧಾರವಾಡ
24 ಅಕ್ಟೋಬರ್ 2024

ಮೇಡಂ, ಚರ್ಚೆ ಮುಂದುವರಿಯಲಿ, ಆದರೆ ದಿನಗಳು ಓಡುತ್ತಿವೆ. ನಾನೂ ಅಲ್ಲಿಂದ ಮರಳಿದವನು, ಪೆನ್ಸಿಲ್ವೇನಿಯಾಕ್ಕೇ ಮತ ಕಳುಹಿಸಿದ್ದೇನೆ. ವಿದೇಶದ ಮತಪತ್ರವನ್ನು ಆ ರಾಜ್ಯ ಈಮೇಲಿನಲ್ಲಿ ಕಳುಹಿಸುತ್ತದೆಯೇ ಹೊರತು ಈಮೇಲಿನಲ್ಲಿ ಮರಳಿ ಸ್ವೀಕರಿಸುವುದಿಲ್ಲ. ನವೆಂಬರ್ 4ರ ರಾತ್ರಿಯೊಳಗೆ ನೀವು ಅದನ್ನು ಕಳುಹಿಸಿರಬೇಕು, ಮತ್ತು ನವೆಂಬರ್ 12ರ ಸಂಜೆ 5 ಗಂಟೆಯೊಳಗೆ ನಿಮ್ಮ ಕೌಂಟಿಯ (ಅಲ್ಲಿಯ ಜಿಲ್ಲೆಯ) ಚುನಾವಣಾ ಕಚೇರಿಗೆ ಅದು ತಲುಪಿರಬೇಕು.

ಇಲ್ಲಿಯ ಕ್ಯಾಲೆಂಡರ್ ನೋಡಿ. ಅಕ್ಟೋಬರ್ 31 ಗುರುವಾರ ನರಕ ಚತುರ್ದಶಿ, ಶುಕ್ರವಾರ ರಾಜ್ಯೋತ್ಸವ, ಶನಿವಾರ ಬಲಿಪಾಡ್ಯಮಿ, ಆಮೇಲೆ ಭಾನುವಾರ. ಹಬ್ಬದ ಈ ಸಾಲಿನಲ್ಲಿ ಯಾವ ಕೌಂಟರ್ ತೆರೆದಿರುತ್ತದೆ ಎಂದು ನಂಬಿಕೊಂಡು ಕೂರಬೇಡಿ. ಕರ್ನಾಟಕದ ವ್ಯವಹಾರ ನೋಡುವ ಅಮೆರಿಕದ ಕಾನ್ಸುಲೇಟ್ ಸದ್ಯಕ್ಕೆ ಚೆನ್ನೈಯದು; ಅವರ ಮೂಲಕ ಕಳುಹಿಸುವ ವ್ಯವಸ್ಥೆ ಇದೆ, ಆದರೆ ಅದಕ್ಕೆ ಮೊದಲು ಲಕೋಟೆ ಚೆನ್ನೈಗೆ ಹೋಗಬೇಕು, ಈಗ ಅಷ್ಟು ಸಮಯವಿಲ್ಲ. ಅಂತರರಾಷ್ಟ್ರೀಯ ಕೊರಿಯರ್ ದುಬಾರಿಯಾದರೂ ಅದನ್ನೇ ಹಿಡಿಯಿರಿ, ರಶೀದಿಯ ಸಂಖ್ಯೆಯನ್ನು ಇಟ್ಟುಕೊಳ್ಳಿ. ವಿದೇಶದ ಮತಪತ್ರಗಳ ಮೇಲೆ ಮೊಕದ್ದಮೆ ನಡೆಯುತ್ತಿರುವ ವರ್ಷದಲ್ಲಿ, ಈಮೇಲಿನ ಜೊತೆಗೆ ಬಂದ ಪ್ರಮಾಣಪತ್ರದಲ್ಲಿ ಸಹಿ, ದಿನಾಂಕ, ಅಲ್ಲಿಯ ಕೊನೆಯ ವಿಳಾಸ ಇವು ನೋಂದಣಿಯಲ್ಲಿ ಇದ್ದಂತೆಯೇ ಇರಲಿ.

ಅಧ್ಯಕ್ಷರ ಸಾಲನ್ನು ತುಂಬುತ್ತೀರೋ ಬಿಡುತ್ತೀರೋ ನಿಮ್ಮ ಇಚ್ಛೆ. ಸೆನೆಟ್ ಮತ್ತು ಪ್ರತಿನಿಧಿ ಸಭೆಯ ದಾಖಲೆಗಳನ್ನು ಓದಲು ಭಾನುವಾರದವರೆಗೆ ಸಮಯ ಇಟ್ಟುಕೊಳ್ಳಿ, ಸೋಮವಾರ 28ಕ್ಕೆ ಕೊರಿಯರ್ ಅಂಗಡಿಯಲ್ಲಿರಿ.